ಗೇಟಿನಾಚೆ ನಿಂತವಳು

ಕಂಪ್ಯೂಟರಿನಲ್ಲಿ ಜಾಗ ತುಂಬಿಹೋಗಿತ್ತು. ಅಪ್ಪ ತೆಗೆದ ಫೋಟೋಗಳನ್ನೆಲ್ಲ ಫೋಟೋ ತಿದ್ದುವ ಸಾಫ್ಟ್‌ವೇರು ಎಲ್ಲಿ ಇಟ್ಟುಕೊಂಡಿದೆಯೆಂದು ದಾಕ್ಷಾಯಣಿ ಹುಡುಕುತ್ತ ಕೂತಿದ್ದಳು. ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡ ಕೂಸೆಂದು ಅಪ್ಪ ಅವಳನ್ನು ಅಂಗೈಯಲ್ಲಿಟ್ಟು ಸಾಕಿದ್ದ. ಹುಟ್ಟುಹಬ್ಬ ಬಂದರೆ ಹೊಸ ಫ್ರಾಕು ತೊಡಿಸಿ, ಅಂಗಳದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಮದುವೆಯಾದ ಮೇಲೂ ಅಪ್ಪ ತನ್ನ ಜೊತೆಗೇ ಇರಬೇಕೆಂದು ಅವಳು ನೋಡಲು ಬಂದ ವರನಿಗೆ ಮೊದಲೇ ಹೇಳಿಬಿಟ್ಟಿದ್ದಳು.

"ಅಪ್ಪಾ, ಇಲ್ಲಿ ಎಲ್ಲಾ ಫೋಟೋ ಎರಡೆರಡು ಅದಾವ."

"ಒಂದೊಂದು ಅಳಿಸಿಬಿಡವಾ," ಎಂದ ಅಪ್ಪ, ಪೇಪರಿನಿಂದ ತಲೆಯೆತ್ತದೆ.

"ಎರಡೂ ಒಂದೇ ಅಲ್ಲಪ್ಪಾ. ನೀ ಕತ್ತರಿಸಿದ್ದು ಒಂದು, ಪೂರ್ತಿ ಇದ್ದದ್ದು ಇನ್ನೊಂದು. ಅದನ್ನೂ ಸಾಫ್ಟ್‌ವೇರು ಬ್ಯಾರೆ ಫೋಲ್ಡರಿನ್ಯಾಗ ಇಟ್ಕೊಂಡೈತಿ."

ಪೇಪರು ಕೆಳಗಿಳಿಯಿತು. "ಅದನ್ನ ತಗೀಬ್ಯಾಡ."

ಅಷ್ಟರಲ್ಲಿ ತೆರೆದಾಗಿತ್ತು. ಐದನೇ ಹುಟ್ಟುಹಬ್ಬದ ಫೋಟೋದಲ್ಲಿ ಅವಳ ಹಿಂದೆ ಗೇಟಿತ್ತು, ಗೇಟಿನಾಚೆ ಸರಳು ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಆರನೇ ಹುಟ್ಟುಹಬ್ಬಕ್ಕೂ ಅದೇ ಹೆಂಗಸು. ಹತ್ತನೆಯದಕ್ಕೆ ಬಣ್ಣದ ಕಾಗದ ಸುತ್ತಿದ ಪೊಟ್ಟಣವೊಂದನ್ನು ಎದೆಗವಚಿಕೊಂಡಿದ್ದಳು.

ದಾಕ್ಷಾಯಣಿ ಆ ಮುಖವನ್ನು ದೊಡ್ಡದು ಮಾಡಿದಳು. ತನ್ನದೇ ಹಣೆ, ತನ್ನದೇ ಗಲ್ಲದ ಕುಳಿ.

"ಯಾರಪ್ಪಾ ಈಕಿ?"

ಅಪ್ಪ ಪೇಪರನ್ನು ಮಡಚಿದ, ಮತ್ತೆ ಬಿಚ್ಚಿದ, ಮತ್ತೆ ಮಡಚಿದ.

"ನಿಮ್ಮವ್ವ," ಎಂದ ಕೊನೆಗೆ. "ಪ್ರತಿ ವರ್ಷ ಬರ್ತಿದ್ಲು. ನಾನೇ ಗೇಟು ತಗೀಲಿಲ್ಲ."