ಬದಲಿಸದ ಐದು ಎಲೆ

"ನಾನು ಗೆದ್ದರೆ ನಿನ್ನ ಬ್ಯಾಗಿನಲ್ಲಿರೋ ಕವರ್ ನನಗೆ. ನೀನು ಗೆದ್ದರೆ ಇನ್ನು ಬಾಯೇ ಬಿಡಲ್ಲ," ಎನ್ನುತ್ತಾ ಅಪ್ಪ ಇಸ್ಪೀಟು ಕಟ್ಟನ್ನು ಊಟದ ಮೇಜಿನ ಮೇಲೆ ಕುಕ್ಕಿದ.

ಮಗ ಬ್ಯಾಗನ್ನು ಕಾಲ ಸಂದಿಗೆ ಎಳೆದುಕೊಂಡ. "ಯಾವ ಕವರಪ್ಪಾ? ನಿನ್ನ ರಿಪೋರ್ಟ್ ಮೊನ್ನೇನೇ ಕೊಟ್ಟೆನಲ್ಲ. ನಿನಗೇನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೀಯ."

"ಅದು ನಕಲಿ. ಯಾವ ಅಂಗಡೀಲಿ ಬೇಕಾದರೂ ಟೈಪ್ ಮಾಡಿಸಬಹುದು. ಅಸಲಿ ಕವರನ್ನ ನೀನು ಬ್ಯಾಗಿಗೆ ತುರುಕಿದ್ದು ನಾನು ನೋಡಲಿಲ್ಲ ಅಂದ್ಕೊಂಡ್ಯಾ?"

ನೋಡಿದ್ದ. ಎಪ್ಪತ್ತೊಂದರ ಈ ಆಸಾಮಿಗೆ ಕಿವಿ ಮಂದ, ಮಂಡಿ ಮಂದ, ಕಣ್ಣು ಮಾತ್ರ ಹದ್ದಿನದು. ತಿಂಗಳಿಂದ ಕೆಮ್ಮುತ್ತಾನೆಂದು ಮಗನೇ ಬಲವಂತವಾಗಿ ಲ್ಯಾಬಿಗೆ ಎಳೆದೊಯ್ದಿದ್ದ. ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ಬಿರುಗಾಳಿಗೂ ಜಗ್ಗದವನು ಅಲ್ಲಿ ಸೂಜಿ ಕಂಡು ರಂಪ ಮಾಡಿದ. "ಮೊದಲು ನೀನು ಚುಚ್ಚಿಸ್ಕೊ, ಆಮೇಲೆ ನಾನು" ಎಂದು ಹಠ. "ಇಬ್ಬರದೂ ತಗೊಳ್ಳಿ ಸಿಸ್ಟರ್" ಎಂದು ಮಗ ನಗುತ್ತಾ ತೋಳು ಚಾಚಿದ್ದ. ಅಪ್ಪ ಆಮೇಲೂ ಕಣ್ಣು ಮುಚ್ಚಿಕೊಂಡೇ ಕೂತಿದ್ದ.

ರಿಪೋರ್ಟ್ ಬಂದ ದಿನದಿಂದ ಮಗನ ಮುಖದಲ್ಲಿ ಕಳೆಯಿಲ್ಲ. ತಟ್ಟೆ ಅರ್ಧಕ್ಕೇ ಬಿಟ್ಟು ಏಳುತ್ತಾನೆ. ಲಿಫ್ಟ್ ರಿಪೇರಿಯವನು, ದಿನಕ್ಕೆ ಹತ್ತು ಮಹಡಿ ಹತ್ತಿಳಿಯುತ್ತಿದ್ದವನು, ಈಗ ಮನೆಯ ಮೆಟ್ಟಿಲಲ್ಲೇ ಕೂತು ಸುಧಾರಿಸಿಕೊಳ್ಳುತ್ತಾನೆ. ನನ್ನ ಚಿಂತೆಯಲ್ಲೇ ಸೊರಗಿಹೋದ ಎಂದು ಅಪ್ಪನ ಕರುಳು ಚುರ್ ಎನ್ನುತ್ತಿತ್ತು. ಸಾವಿಗೆ ಅವನು ಹೆದರಿರಲಿಲ್ಲ. ಮಗ ಒಬ್ಬನೇ ಅದನ್ನು ಹೊತ್ತು ತಿರುಗುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೆ. ಆಟ ಒಲ್ಲೆಯೆಂದರೆ ನಾಳೆ ಬೆಳಿಗ್ಗೆ ತಾನೇ ಲ್ಯಾಬಿಗೆ ಹೋಗಿ ಕೇಳುವುದಾಗಿ ಹೆದರಿಸಿದ. ಮಗ ಒಪ್ಪಿದ್ದು ಅದಕ್ಕೇ.

ಆಟ ಡ್ರಾ ಪೋಕರ್. ಹಡಗಿನಲ್ಲಿ ಕಲಿತದ್ದನ್ನು ಅಪ್ಪ ಮಗನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದ. ತಲೆಗೆ ಐದು ಎಲೆ. ಬೇಡದ್ದನ್ನು ಕವುಚಿ ಎಸೆದು ಅಷ್ಟೇ ಹೊಸ ಎಲೆ ತಗೊಳ್ಳಬಹುದು, ಅದೂ ಒಂದೇ ಸಲ. ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರು. ಐದೂ ಒಂದೇ ಜಾತಿಯದಾದರೆ ಇನ್ನೂ ಮೇಲು. ಧೈರ್ಯ ಸಾಲದಿದ್ದರೆ ಎಲೆ ತೋರಿಸದೆಯೇ ಸೋಲೊಪ್ಪಬಹುದು. ಇದಿಷ್ಟೂ ಮಕ್ಕಳ ಲೆಕ್ಕ. ಆಟವಿರುವುದು ಎದುರಿಗೆ ಕೂತವನ ಮುಖದಲ್ಲಿ ಎಂದು ಅಪ್ಪ ಸಾವಿರ ಸಲ ಹೇಳಿದ್ದ.

ಹಂಚಿದ. ತನಗೆ ಬಂದದ್ದು ಆರರ ಜೋಡಿ, ಮಿಕ್ಕದ್ದು ಕಸ.

"ನಿನಗೆ ಎಷ್ಟೆಲೆ ಬೇಕು?"

"ಬೇಡ."

"ಒಂದೂ?"

"ಒಂದೂ ಬೇಡ. ಇದ್ದದ್ದೇ ಸಾಕು."

ಒಂದೆಲೆಯನ್ನೂ ಬದಲಿಸದವನಿಗೆ ಐದಕ್ಕೈದೂ ಕೂಡಿಬಂದಿರಬೇಕು. ಇಲ್ಲವೇ ಬುರುಡೆ ಬಿಡುತ್ತಿರಬೇಕು. ಅಪ್ಪ ಮೂರು ಎಸೆದು ಮೂರು ಎಳೆದ. ಥತ್, ಮತ್ತೆ ಕಸವೇ.

"ಸೋಲೊಪ್ಕೊ ಅಪ್ಪಾ. ಎಲೆ ಕೆಳಗಿಡು. ದಮ್ಮಯ್ಯ ಅಂತೀನಿ."

ಅಪ್ಪ ಅವನ ಮುಖವನ್ನೇ ನೋಡಿದ. ಗಂಟಲ ಗಂಟು ಒಮ್ಮೆ ಮೇಲೇರಿ ಇಳಿಯಿತು. ಹುಡುಗನಾಗಿದ್ದಾಗ ಕಿಟಕಿ ಗಾಜು ಒಡೆದು "ನಾನಲ್ಲ" ಎಂದಾಗಲೂ ಹೀಗೇ ಉಗುಳು ನುಂಗಿದ್ದ.

"ಒಪ್ಪಲ್ಲ. ತೋರಿಸು."

ಮಗ ಅಲುಗಾಡಲಿಲ್ಲ. ಅಪ್ಪನೇ ಕೈ ಚಾಚಿ ಅವನ ಎಲೆಗಳನ್ನು ಮಗುಚಿದ. ಎರಡು, ಐದು, ಏಳು, ಗುಲಾಮ, ರಾಜ. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ. ಅಪ್ಪನ ಆರರ ಜೋಡಿಯೇ ಗೆದ್ದಿತ್ತು.

"ಸುಳ್ಳು ಹೇಳೋಕೆ ನಿನ್ನ ಮುಖಕ್ಕೆ ಬರಲ್ಲ ಕಣೋ. ತಾ ಇಲ್ಲಿ."

ಮಾತು ಮಾತೇ. ಮಗ ಕವರ್ ತೆಗೆದು ಮೇಜಿನ ಮೇಲಿಟ್ಟ, ಅದರ ಮೇಲಿಂದ ಕೈ ತೆಗೆಯಲಿಲ್ಲ. ಅವನ ಕಣ್ಣು ತುಂಬಿ ಹರಿಯುತ್ತಿತ್ತು. "ಓದಬೇಡ ಅಪ್ಪಾ. ಇನ್ನೊಂದು ನಾಲ್ಕು ದಿನ ಆರಾಮಾಗಿರು."

"ಅಳಬೇಡವೋ ಹುಚ್ಚಪ್ಪ." ಅಪ್ಪ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಎಪ್ಪತ್ತೊಂದು ವರ್ಷ ಏನು ಕಡಿಮೆಯಾ? ಸಮುದ್ರ ನೋಡಿದೆ, ನಿಮ್ಮಮ್ಮನ ಜೊತೆ ಬಾಳಿದೆ, ನಿನ್ನನ್ನ ಎತ್ತಾಡಿಸಿದೆ. ಇನ್ನೇನು ಬೇಕು? ನಿನ್ನ ಕಣ್ಣೆದುರಿಗೇ ಹೋಗಬೇಕು ಅನ್ನೋದೊಂದು ಆಸೆ. ಅದೂ ಈಡೇರುತ್ತಲ್ಲ."

ಮಗ ಮುಖ ಮುಚ್ಚಿಕೊಂಡ.

ಅಪ್ಪ ಹಾಳೆ ಬಿಡಿಸಿ ಕೊನೆಯ ಸಾಲಿನಿಂದಲೇ ಓದಿದ; ತೀರ್ಪು ಇರುವುದು ಅಲ್ಲೇ ತಾನೆ. ಊಹಿಸಿದ್ದು ಸರಿಯಾಗಿತ್ತು. ರಕ್ತದ ಕ್ಯಾನ್ಸರ್. ಅಂತೂ ಗೊತ್ತಾಯಿತಲ್ಲ ಎಂದು ಒಂದು ಉಸಿರು ಬಿಟ್ಟ. ಮಗನ ತಲೆ ಸವರಲು ಒಂದು ಕೈ ಚಾಚಿ, ಇನ್ನೊಂದು ಕೈಯಿಂದ ಹಾಳೆಯನ್ನು ಮಡಚಲು ಹೊರಟಾಗ ಮೇಲಿನ ಸಾಲು ಕಣ್ಣಿಗೆ ಬಿತ್ತು.

ವಯಸ್ಸು: ಮೂವತ್ತನಾಲ್ಕು.