ಕೌದಿಯ ಹೊಟ್ಟೆ

ಕೌದಿ ಕೊಳ್ಳಲು ಬಂದ ಕಂಪನಿಯ ಸುಧೀಂದ್ರನ ಬೆರಳು ಕೌದಿಯ ಮೂಲೆಯಲ್ಲಿ ನಿಂತಾಗ ಹೊಲಿಗೆ ಸಂಘದ ಮುಖಂಡೆ ನಂದಾ ಮುಂದಕ್ಕೆ ಬಾಗಿದಳು. ಅಲ್ಲೇನೋ ಗಟ್ಟಿಯಾಗಿತ್ತು. ಇವನು ಒಪ್ಪಿದರೆ ಕಳ್ಳಕವಟಗಿ ಊರಿನ ಹೆಂಗಸರಿಗೆಲ್ಲ ವರ್ಷವಿಡೀ ಹೊಲಿಗೆ ಕೆಲಸ. ಒಳಗೆ ರೊಟ್ಟಿ ಇಡಬೇಡಿರೆಂದು ಅವಳು ಮೊದಲೇ ಹೇಳಿದ್ದಳು.

“ಇದೇನಮ್ಮ?”

“ಕೌದಿ ಹೊಟ್ಟಿರಿ,” ಎಂದಳು ಕೌದಿ ಹೊಲಿದ ಭೀಮಾಬಾಯಿ. “ರೊಟ್ಟಿ ಚೂರು ಇಟ್ಟ ಮೂಲಿ ಮುಚ್ಚತೀವಿ. ಕೌದಿ ಹಸದಿರಬಾರದು ನೋಡ್ರಿ.”

ಮುಗಿಯಿತು ಎಂದುಕೊಂಡು ನಂದಾ ಕಣ್ಣು ಮುಚ್ಚಿದಳು.

“ಅದ್ಭುತ! ಇದನ್ನೇ ಮಾರೋಣ,” ಎಂದ ಸುಧೀಂದ್ರ. “ರೊಟ್ಟಿಗೆ ಇರುವೆ ಬರುತ್ತೆ, ಪ್ಲಾಸ್ಟಿಕ್ ತುಂಡು ಇಡಿ. ಈ ವಿನ್ಯಾಸ ಕಂಪನಿ ಹೆಸರಲ್ಲಿ ನೋಂದಣಿಯಾಗುತ್ತೆ. ಆಮೇಲೆ ಬೇರೆ ಯಾರೂ ಹೀಗೆ ಹೊಲಿಯೋ ಹಾಗಿಲ್ಲ.”

ಭೀಮಾಬಾಯಿ ನಂದಾಳ ಕಡೆ ತಿರುಗಿದಳು. “ಮನ್ಯಾಗೂ ಹೊಲೀಬಾರದೇನ ನಂದವ್ವಾ? ಸೊಸಿಗೆ ದಿನಾ ತುಂಬ್ಯಾವ. ಕೂಸಿನ ಕೌದಿ ಇನ್ನೂ ಅರ್ಧಾ ಆಗೇತಿ.”

“ಒಂದು ಕೌದಿಗೆ ಯಾರು ಕೇಸ್ ಹಾಕ್ತಾರಮ್ಮ?” ಸುಧೀಂದ್ರ ನಕ್ಕ.

“ಎರಡ ಹೊಲದ್ರ?”

ಸುಧೀಂದ್ರ ಕರಾರಿನ ಕಾಗದ ಬಿಡಿಸಿಟ್ಟು, ಸಹಿಗೆಂದು ನಂದಾಳತ್ತ ಪೆನ್ನು ಚಾಚಿದ. ಅವಳು ಎರಡೂ ಕೈಗಳನ್ನು ಕೌದಿಯ ಕೆಳಗೆ ಅಡಗಿಸಿಕೊಂಡಳು.