ಲಂಕೆಗೆ ಹೊರಟ ಚೀಲ

ರೌಫ್ ಮಾದರಿ ಚೀಲವನ್ನು ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಹರವಿದ. ದಾವಣಗೆರೆಯ ತನ್ನ ಅಚ್ಚಿನ ಅಂಗಡಿಯಿಂದ ಮಲೆಬೆನ್ನೂರಿನವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದ. ಬಿಳಿ ಬಟ್ಟೆಯ ಚೀಲ. ಅದರ ಮೇಲೆ ಇಂಗ್ಲಿಷಿನಲ್ಲಿ, ಸಿಂಹಳದಲ್ಲಿ, ಗೇಣುದ್ದದ ಅಕ್ಷರ: ‘ಭಾರತದ ದಾನ’. ಕೆಳಗೆ ಸರ್ಕಾರದ ಮುದ್ರೆ, ಗಿರಣಿಯ ಹೆಸರು.

ಗಿರಣಿಯ ಮಾಲೀಕ ವಾಮದೇವಪ್ಪನ ಎದೆ ಉಬ್ಬಿತು. “ಮುಂಚೆ ನಾವು ಪಕ್ಕದ ದೇಶದೋರಿಗೆ ಗದರಿಸ್ತಿದ್ವಿ, ಇಲ್ಲಾ ಕದ ಹಾಕ್ಕೊಂಡು ಕೂಡ್ತಿದ್ವಿ. ಈಗ ನೋಡು, ಲಂಕೆಯೋರ ಒಲೆ ಆರೋದೇ ತಡ, ನಮ್ಮ ಹಡಗು ಹೊಂಟೈತೆ. ಅದರಾಗ ನಮ್ಮ ಗಿರಣಿ ಅಕ್ಕಿ!”

“ಸಾವ್ಕಾರ್ರೆ, ಅಕ್ಷರ ಇನ್ನೊಂಚೂರು ದೊಡ್ಡದಾದ್ರೆ ಹಡಗೇ ಬ್ಯಾಡ. ಈ ದಡದಾಗ ಚೀಲ ಹಿಡ್ಕೊಂಡು ನಿಂತ್ರೆ ಅವರು ಅಲ್ಲಿಂದ್ಲೇ ಓದ್ತಾರೆ.”

“ಓದ್ಲಿ. ದೊಡ್ಡದೇ ಮಾಡು.”

ಚಹಾ ತಂದ ವಾಮದೇವಪ್ಪನ ತಾಯಿ ಹೊನ್ನಕ್ಕ ಚೀಲದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ಗಟ್ಟಿ ಬಟ್ಟೆ. ಲಂಗಕ್ಕೆ ಬರ್ತೈತೆ.”

“ಅಕ್ಕಿ ಚೀಲ ಕಣವ್ವ ಇದು,” ಎಂದ ಮಗ.

“ನಂದೂ ಗೋಧಿ ಚೀಲನೇ ಆಗಿತ್ತು.” ಹೊನ್ನಕ್ಕ ಕಟ್ಟೆಯ ಮೇಲೆ ಕುಳಿತಳು. “ಬರ ಬಿದ್ದ ವರ್ಷ ಅಮೆರಿಕದ ಗೋಧಿ ಬಂತು. ಉಂಡ್ವಿ, ಇಲ್ಲ ಅನ್ನಬಾರದು. ಬಟ್ಟೆ ಚಂದೈತೆ ಅಂತ ನಮ್ಮವ್ವ ಲಂಗ ಹೊಲಿದ್ಲು. ಸವಳು ಮಣ್ಣು ಹಾಕಿ ತಿಕ್ಕಿದ್ರೂ ಅಕ್ಷರ ಹೋಗ್ಲಿಲ್ಲ. ಸಾಲ್ಯಾಗ ಮೇಷ್ಟ್ರು ನನ್ನ ತಿರುಗಿಸಿ ನಿಲ್ಲಿಸಿ, ಎಲ್ರಿಗೂ ಓದಿ ಹೇಳಿದ್ರು: ‘ದಾನದ್ದು, ಮಾರುವಂತಿಲ್ಲ’ ಅಂತ. ಹುಡುಗ್ರೆಲ್ಲ ನಕ್ರು. ಮಾರನೇ ದಿನದಿಂದ ನಾ ಸಾಲಿ ಕಡೆ ಹೋಗ್ಲಿಲ್ಲ.”

ಮನೆಗೆಲಸಕ್ಕೆಂದು ಅವ್ವನ ಓದು ನಿಂತಿತೆಂದೇ ವಾಮದೇವಪ್ಪ ಇಷ್ಟು ವರ್ಷ ತಿಳಿದಿದ್ದ.

ಹೊನ್ನಕ್ಕ ಚೀಲವನ್ನು ಮಗುವಿನ ಬೆನ್ನು ಸವರುವಂತೆ ಸವರಿದಳು. ಕಣ್ಣು ಹೊಳೆಯುತ್ತಿತ್ತು. “ಇರ್ಲಿ ಬಿಡು. ಬೇಡೋ ಮನಿ ಇದ್ದದ್ದು ಕೊಡೋ ಮನಿ ಆತಲ್ಲ, ನನ್ನ ಕಣ್ಣಾರೆ ಕಂಡೆ.” ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ರೌಫ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. “ಹಂಗಾರೆ ಏನು ಮಾಡ್ಲಿ ಸಾವ್ಕಾರ್ರೆ? ಅಕ್ಷರ ಸಣ್ಣದು ಮಾಡ್ಲಾ?”

ವಾಮದೇವಪ್ಪ ಚೀಲವನ್ನು ತನ್ನ ಕಡೆ ಎಳೆದುಕೊಂಡು ಅಕ್ಷರಗಳ ಮೇಲೆ ಅಂಗೈ ಮುಚ್ಚಿದ.

“ಸರ್ಕಾರದ ಮುದ್ರೆ ಮೂಲೇಲಿ ಇರ್ಲಿ, ಸಣ್ಣದಾಗಿ. ಉಳಿದ ಕಡೆಯೆಲ್ಲ ಲಂಗಕ್ಕೆ ಒಪ್ಪೋ ಹೂವು ಹಾಕು. ಹೂವಿನ ಬಣ್ಣ ಮಾತ್ರ ಗಟ್ಟಿ ಇರ್ಲಿ ರೌಫ್, ಎಷ್ಟು ತೊಳೆದ್ರೂ ಹೋಗಬಾರದು.”